ಹಠದ ಭಾಷೆ ಅರಿತಿದ್ದ ಡಾಕ್ಟರಮ್ಮ

ಸಂಜೆ ಆರು ಗಂಟೆ. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲೊಂದು ಬಟ್ಟೆ ಅಂಗಡಿ. ಮೂರು ವರ್ಷದ ಪೋರ ನೆಲದ ಮೇಲೆ ಬಿದ್ದು ಉರುಳಾಡ್ತಾ ಇದ್ದಾನೆ. ಕಾಲು ಬಡಿತ, ಕಿರುಚಾಟ, ಮುಖವೆಲ್ಲ ಕಣ್ಣೀರು, ಸಿಂಬಳ. ಪಕ್ಕದಲ್ಲಿ ನಿಂತ ಅಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುವಷ್ಟು ಅವಮಾನ. ಸುತ್ತ ಇದ್ದವರ ಸಲಹೆಗಳಿಗೇನೂ ಬರ ಇಲ್ಲ. ಎರಡು ಬಿಗಿದರೆ ತಾನೇ ಸುಮ್ಮನಾಗ್ತಾನೆ ಅಂತ ಒಬ್ಬರು, ದೃಷ್ಟಿ ತಾಗಿರಬೇಕು, ದುರ್ಗಮ್ಮನ ಗುಡಿಗೆ ಕರೆದುಕೊಂಡು ಹೋಗಿ ಅಂತ ಇನ್ನೊಬ್ಬರು, ಕೈಗೆ ಮೊಬೈಲ್ ಕೊಡಿ ಅಂತ ಮತ್ತೊಬ್ಬರು.

ಈ ದೃಶ್ಯ ಯಾವ ತಾಯಿಗೆ ಹೊಸದು ಹೇಳಿ? ನಾನೂ ಇದಕ್ಕೆ ಹೊರತಲ್ಲ. ಒಮ್ಮೆ ಸಿರುಗುಪ್ಪಕ್ಕೆ ನೆಂಟರ ಮದುವೆಗೆ ಹೊರಟಿದ್ದೆವು. ಬಸ್ಸು ಹತ್ತಿದಾಗಿನಿಂದ ಎರಡೂವರೆ ವರ್ಷದ ಮಗಳದ್ದು ಒಂದೇ ರಾಗ. ಬಿಸ್ಕತ್ತು ಕೊಟ್ಟೆ, ಬಿಸಾಡಿದಳು. ಕಿಟಕಿ ಪಕ್ಕ ಕೂರಿಸಿದೆ, ಇನ್ನೂ ಜೋರಾದಳು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡತೊಡಗಿದಾಗ ನನ್ನ ತಾಳ್ಮೆ ಕೆಟ್ಟು ಕೆನ್ನೆಗೊಂದು ಕೊಟ್ಟೇಬಿಟ್ಟೆ. ಊರು ತಲುಪಿದ ಮೇಲೆ ಬ್ಯಾಗು ತೆರೆದಾಗ ಗೊತ್ತಾಯಿತು. ಪ್ರತಿ ಪ್ರಯಾಣದಲ್ಲೂ ಅವಳ ತೊಡೆ ಮೇಲೆ ಇರುತ್ತಿದ್ದ ಕೆಂಪು ನೀರಿನ ಬಾಟಲಿಯನ್ನು ಅವತ್ತು ನಾನು ಬ್ಯಾಗಿನ ತಳಕ್ಕೆ ಹಾಕಿದ್ದೆ. ಅಷ್ಟೇ! ಅದನ್ನು ಕಂಡ ಕೂಡಲೇ ಅಪ್ಪಿಕೊಂಡು ಸುಮ್ಮನಾದಳು. ನನ್ನ ಬೆರಳಿನ ಗುರುತು ಮಾತ್ರ ಆ ಪುಟ್ಟ ಕೆನ್ನೆ ಮೇಲೆ ಹಾಗೇ ಇತ್ತು.

ಒಂದು ಬಾಟಲಿಗೆ ಇಷ್ಟು ರಂಪವೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಡಾ. ಮಾರಿಯಾ ಮಾಂಟೆಸ್ಸರಿ. ಮಕ್ಕಳನ್ನು ಎಲ್‌ಕೆಜಿಗೆ ಸೇರಿಸುವಾಗ ನಾವೆಲ್ಲ ಬೋರ್ಡಿನ ಮೇಲೆ ಓದಿರುವ ಹೆಸರೇ. ಆದರೆ ಆ ಹೆಸರಿನ ಹಿಂದೆ ಎಂಥ ಬದುಕಿತ್ತು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ರಾತ್ರಿ ಒಂಟಿಯಾಗಿ ಓದಿದ ಹುಡುಗಿ

ಮಾರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಾಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಸರ್ಕಾರಿ ನೌಕರ, ಶಿಸ್ತಿನ ಮನುಷ್ಯ. ತಾಯಿ ರೆನಿಲ್ಡೆಗೆ ಓದಿನ ಹುಚ್ಚು. ಒಬ್ಬಳೇ ಮಗಳು. ಅವಳಿಗೆ ಐದು ವರ್ಷವಾದಾಗ ಕುಟುಂಬ ರೋಮ್ ನಗರಕ್ಕೆ ಬಂತು.

ಮಗಳು ಟೀಚರ್ ಆದರೆ ಸಾಕು ಅಂತ ತಂದೆಯ ಆಸೆ. ಮಗಳಿಗೋ ಮೊದಲು ಎಂಜಿನಿಯರ್ ಆಗುವ ಕನಸು, ಆಮೇಲೆ ಡಾಕ್ಟರ್ ಆಗಲೇಬೇಕೆಂಬ ಛಲ. ಆ ಕಾಲದಲ್ಲಿ ಹೆಣ್ಣುಮಕ್ಕಳು ವೈದ್ಯಕೀಯ ಓದುವುದೆಂದರೆ ಮೂಗು ಮುರಿಯುವವರೇ ಎಲ್ಲ. ಗಂಡು ಹುಡುಗರ ಜೊತೆ ನಿಂತು ಹೆಣ ಕೊಯ್ಯುವುದು ಮರ್ಯಾದೆಯಲ್ಲ ಎಂದು, ಎಲ್ಲರೂ ಹೋದ ಮೇಲೆ ಸಂಜೆ ಒಬ್ಬಳೇ ಆ ಕೋಣೆಯಲ್ಲಿ ನಿಂತು ಕಲಿಯಬೇಕಿತ್ತು. ತಂದೆಗೆ ಇಷ್ಟವಿರಲಿಲ್ಲ. ಬೆನ್ನ ಹಿಂದೆ ಗಟ್ಟಿಯಾಗಿ ನಿಂತಿದ್ದು ತಾಯಿ. 1896ರಲ್ಲಿ ಮಾರಿಯಾ ವೈದ್ಯೆಯಾಗಿ ಹೊರಬಂದರು. ಇಟಲಿಯ ಮೊದಮೊದಲ ಮಹಿಳಾ ವೈದ್ಯರಲ್ಲಿ ಅವರೂ ಒಬ್ಬರು.

ಮಕ್ಕಳು ಹುಡುಕಿದ್ದು ಅನ್ನವನ್ನಲ್ಲ

ಓದು ಮುಗಿದ ಮೇಲೆ ಮಾನಸಿಕ ಚಿಕಿತ್ಸಾಲಯದಲ್ಲಿ ಕೆಲಸ. ಬುದ್ಧಿ ಬೆಳೆದಿಲ್ಲ ಎಂದು ಆಗ ಮಕ್ಕಳನ್ನೂ ಹುಚ್ಚಾಸ್ಪತ್ರೆಗೆ ತಂದು ದೊಡ್ಡವರ ಜೊತೆ ಕೂಡಿಹಾಕುತ್ತಿದ್ದರು. ಒಂದು ದಿನ ಅಲ್ಲಿನ ಆಯಾ ಈ ಮಕ್ಕಳ ಬಗ್ಗೆ ಅಸಹ್ಯಪಟ್ಟುಕೊಂಡು ದೂರಿದಳಂತೆ. ಊಟ ಆದ ಮೇಲೂ ನೆಲಕ್ಕೆ ಬಿದ್ದು ಬ್ರೆಡ್ಡಿನ ಚೂರುಗಳನ್ನು ಹೆಕ್ಕುತ್ತವೆ, ಅಷ್ಟೂ ಹೊಟ್ಟೆಬಾಕತನ ಅಂತ.

ಮಾರಿಯಾ ಕೋಣೆಯ ಸುತ್ತ ಕಣ್ಣಾಡಿಸಿದರು. ಬರೀ ಗೋಡೆಗಳು. ಒಂದು ಆಟಿಕೆಯಿಲ್ಲ, ಕೈಗೆ ಹಿಡಿಯಲು ಒಂದು ವಸ್ತುವಿಲ್ಲ. ಅವರಿಗೆ ಥಟ್ಟನೆ ಹೊಳೆಯಿತು. ಈ ಮಕ್ಕಳಿಗೆ ಹಸಿದಿರುವುದು ಹೊಟ್ಟೆಯಲ್ಲ, ಕೈ ಮತ್ತು ಮೆದುಳು! ಮುಟ್ಟಲು, ಹಿಸುಕಲು, ಜೋಡಿಸಲು ಏನಾದರೂ ಬೇಕಾಗಿದೆ, ಅದಕ್ಕೇ ಚೂರು ಹೆಕ್ಕುತ್ತಿವೆ. ನೋಡುವವರಿಗೆ ಕೆಟ್ಟ ಬುದ್ಧಿಯಂತೆ ಕಂಡದ್ದರ ಹಿಂದೆ ಒಂದು ಅಗತ್ಯ ಇದೆ ಎಂಬ ಈ ಅರಿವು ಅವರ ಇಡೀ ಬದುಕಿನ ದಾರಿಯನ್ನೇ ಬದಲಿಸಿತು. ಇಂಥ ಮಕ್ಕಳಿಗಾಗಿ ರೋಮ್‌ನಲ್ಲಿ 1900ರಲ್ಲಿ ಶುರುವಾದ ಶಾಲೆಯನ್ನು ಡಾ. ಜುಸೆಪ್ಪೆ ಮೊಂಟೆಸಾನೊ ಜೊತೆ ಸೇರಿ ನಡೆಸಿದರು.

ಹೆತ್ತ ಮಗನಿಗೇ ಅಪರಿಚಿತೆ

ಇನ್ನು ಅವರ ಬದುಕಿನ ಕರುಳು ಹಿಂಡುವ ಭಾಗ. ಮೊಂಟೆಸಾನೊ ಮತ್ತು ಮಾರಿಯಾ ಪರಸ್ಪರ ಪ್ರೀತಿಸಿದ್ದರು. 1898ರ ಮಾರ್ಚ್ 31ರಂದು ಮಗ ಮಾರಿಯೊ ಹುಟ್ಟಿದ. ಆದರೆ ಮದುವೆ ಆಗಲಿಲ್ಲ. ಆ ಕಾಲದಲ್ಲಿ ಮದುವೆಯಾದ ಹೆಂಗಸು ವೃತ್ತಿ ಬಿಡಬೇಕಿತ್ತು. ಮದುವೆಯಿಲ್ಲದೆ ತಾಯಿಯಾದದ್ದು ಬಯಲಾದರೆ ಎಲ್ಲವೂ ಮುಗಿದಂತೆಯೇ. ಹಾಗಾಗಿ ಮಗುವನ್ನು ಹಳ್ಳಿಯ ಒಂದು ಕುಟುಂಬದ ಮಡಿಲಿಗೆ ಹಾಕಿದರು. 1901ರಲ್ಲಿ ಮೊಂಟೆಸಾನೊ ಬೇರೊಬ್ಬಳನ್ನು ಮದುವೆಯಾದರು. ಮಾರಿಯಾ ಆ ಶಾಲೆಯನ್ನೇ ಬಿಟ್ಟು ಬಂದರು.

ಆಗಾಗ ಹಳ್ಳಿಗೆ ಹೋಗಿ ಮಗನನ್ನು ನೋಡಿ ಬರುತ್ತಿದ್ದರು. ಆದರೆ ತಾಯಿಯಾಗಿ ಅಲ್ಲ, ಪಟ್ಟಣದಿಂದ ಬರುವ ಯಾರೋ ಒಬ್ಬ ಹೆಂಗಸಾಗಿ! ಜಗತ್ತಿನ ಮಕ್ಕಳ ಮನಸ್ಸು ಓದಿದಾಕೆಗೆ ತನ್ನ ಮಗನ ಮೊದಲ ಮಾತು, ಮೊದಲ ಹೆಜ್ಜೆ, ಮೊದಲ ಹಠ ಯಾವುದೂ ದಕ್ಕಲಿಲ್ಲ. 1912ರಲ್ಲಿ ತಾಯಿ ರೆನಿಲ್ಡೆ ತೀರಿಕೊಂಡ ನಂತರ, ಮಗನಿಗೆ ಸುಮಾರು ಹದಿನೈದು ವರ್ಷವಾದಾಗ, ಅವನನ್ನು ತಮ್ಮ ಜೊತೆ ಕರೆತಂದರು. ಆಗಲೂ ಹೊರಗಿನವರ ಮುಂದೆ ಅವನು ಅಣ್ಣನ ಮಗನೋ ತಂಗಿಯ ಮಗನೋ ಎಂಬಂತೆ ಸಂಬಂಧಿಕರ ಹುಡುಗ ಅಷ್ಟೇ.

ಸಿಂಬಳ ಒರೆಸಲು ಕಲಿಸಿದ ಪಾಠ

ಮಗ ಹಳ್ಳಿಯಲ್ಲಿ ಬೆಳೆಯುತ್ತಿದ್ದಾಗಲೇ ಮಾರಿಯಾಗೆ ಜಗತ್ತಿನ ಹೆಸರು ತಂದುಕೊಟ್ಟ ಕೆಲಸ ಆರಂಭವಾದದ್ದು. ರೋಮ್‌ನ ಸ್ಯಾನ್ ಲೊರೆಂಜೊ ಬಡವರ ಬಡಾವಣೆ. ಅಪ್ಪ ಅಮ್ಮ ಬೆಳಿಗ್ಗೆ ಕೂಲಿಗೆ ಹೋದರೆ ಸಣ್ಣ ಮಕ್ಕಳು ಮೆಟ್ಟಿಲ ಮೇಲೆ ಓಡಾಡಿಕೊಂಡು ಗೋಡೆ ಕೆಡಿಸುತ್ತಿದ್ದವು. ಕಟ್ಟಡದ ಮಾಲೀಕರಿಗೆ ಅದೇ ತಲೆನೋವು. ಈ ಮಕ್ಕಳನ್ನು ಒಂದು ಕಡೆ ಕೂಡಿಹಾಕಿದರೆ ಸಾಕು ಎಂದುಕೊಂಡವರು ಡಾಕ್ಟರಮ್ಮನ ಮೊರೆ ಹೋದರು. ಹೀಗೆ 1907ರ ಜನವರಿ 6ರಂದು ಮೊದಲ ಮಕ್ಕಳ ಮನೆ ತೆರೆಯಿತು. ಸುಮಾರು 50 ಮಕ್ಕಳು. ಅಳುವವರು, ಹೆದರಿ ಮೂಲೆ ಸೇರುವವರು, ಹೊಡೆದಾಡುವವರು, ಎಲ್ಲ ಬಗೆಯವರೂ ಇದ್ದರು.

ಮಾರಿಯಾ ಮೊದಲು ಮಾಡಿಸಿದ್ದು ಮಕ್ಕಳ ಅಳತೆಯ ಮೇಜು, ಕುರ್ಚಿ. ಕೈಗೆಟುಕುವ ಕಪಾಟು. ಕೈಯಲ್ಲಿ ಹಿಡಿದು ಜೋಡಿಸುವ ಮರದ ಸಾಮಾನು. ಮೂರು ವರ್ಷದ ಒಂದು ಹುಡುಗಿ ಮರದ ಗುಂಡುಗಳನ್ನು ಅವುಗಳ ಗುಳಿಯಲ್ಲಿ ಕೂರಿಸುವುದು, ತೆಗೆಯುವುದು, ಮತ್ತೆ ಕೂರಿಸುವುದು ಹೀಗೆ ನಲವತ್ತಕ್ಕೂ ಹೆಚ್ಚು ಸಲ ಮಾಡಿದಳು. ಸುತ್ತ ಹಾಡು ಹಾಡಿದರೂ ತಲೆ ಎತ್ತಲಿಲ್ಲ. ಮುಗಿಸಿ ಎದ್ದಾಗ ಚೆನ್ನಾಗಿ ನಿದ್ದೆ ಮಾಡಿ ಎದ್ದವಳಂತೆ ಗೆಲುವಾಗಿದ್ದಳು. ಇಷ್ಟದ ಕೆಲಸದಲ್ಲಿ ಮುಳುಗಿದ ಮಗುವಿಗೆ ಹಠ ಮಾಡಲು ಪುರಸೊತ್ತೇ ಇರುವುದಿಲ್ಲ ಎಂಬುದು ಅವರಿಗೆ ಮನದಟ್ಟಾಯಿತು.

ಇನ್ನೊಂದು ದಿನ ಮೂಗು ಒರೆಸಿಕೊಳ್ಳುವುದನ್ನೇ ಪಾಠ ಮಾಡಿದರು. ಕರವಸ್ತ್ರ ಹೇಗೆ ತೆಗೆಯಬೇಕು, ಸದ್ದಾಗದಂತೆ ಹೇಗೆ ಒರೆಸಬೇಕು ಅಂತ ಮಾಡಿ ತೋರಿಸಿದರು. ಮಕ್ಕಳು ನಗಬಹುದು ಎಂದುಕೊಂಡರೆ, ಮುಗಿದ ಕೂಡಲೇ ಜೋರಾಗಿ ಚಪ್ಪಾಳೆ! ಯಾಕೆ ಗೊತ್ತಾ? ಸಿಂಬಳ ಸುರಿಸ್ತೀಯ ಅಂತ ಎಲ್ಲರೂ ಆ ಮಕ್ಕಳನ್ನು ಬೈದಿದ್ದರು, ಹಂಗಿಸಿದ್ದರು. ಒರೆಸಿಕೊಳ್ಳೋದು ಹೇಗೆ ಅಂತ ಯಾರೂ ಕಲಿಸಿರಲಿಲ್ಲ. ಕೋಪದ ವಿಷಯದಲ್ಲೂ ನಾವು ಮಾಡುವುದು ಇದನ್ನೇ ಅಲ್ವಾ? ಅಳಬೇಡ ಅಂತೀವಿ. ಅಳು ಬಂದಾಗ ಏನು ಮಾಡಬೇಕು ಅಂತ ಹೇಳಿಕೊಡುವುದೇ ಇಲ್ಲ.

ಬೇರೆ ಮಕ್ಕಳಿಗೆ ತೊಂದರೆ ಕೊಡುವ ತುಂಟರನ್ನೂ ಅವರು ಹೊಡೆಯಲಿಲ್ಲ. ಮೂಲೆಯಲ್ಲೊಂದು ಪುಟ್ಟ ಮೇಜು ಹಾಕಿ, ಉಳಿದವರ ಕೆಲಸ ಕಾಣುವಂತೆ ಕೂರಿಸಿ, ಅವನಿಗಿಷ್ಟದ ಆಟಿಕೆ ಕೊಟ್ಟು, ಮೈ ಹುಷಾರಿಲ್ಲದ ಮಗುವನ್ನು ನೋಡಿಕೊಳ್ಳುವಂತೆ ಅಕ್ಕರೆಯಿಂದ ಮಾತಾಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವನೇ ತಣ್ಣಗಾಗುತ್ತಿದ್ದ.

ಕೋಟು ಹಾಕಿಕೊಂಡ ಕೂಡಲೇ ಅಳು ಬಂದ್

ಮಕ್ಕಳ ರಂಪದ ಬಗ್ಗೆ ಅವರು ಬರೆದ ಎರಡು ಪ್ರಸಂಗ ಓದಿದಾಗ ನನಗೆ ನಮ್ಮ ಸಿರುಗುಪ್ಪದ ಬಸ್ಸು ಕಣ್ಣ ಮುಂದೆ ಬಂತು.

ಒಮ್ಮೆ ಕೆಲವರು ಕೂಡಿ ನೇಪಲ್ಸ್ ಹತ್ತಿರದ ಹಳೆಯ ಸುರಂಗ ನೋಡಲು ಹೋಗಿದ್ದರು. ಜೊತೆಗೆ ಒಬ್ಬ ತಾಯಿ, ಒಂದೂವರೆ ವರ್ಷದ ಮಗು. ನಡೆದು ದಣಿದ ಮಗುವನ್ನು ತಾಯಿ ಎತ್ತಿಕೊಂಡಳು. ಸೆಕೆಯಾಯಿತೆಂದು ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡಳು. ಶುರುವಾಯಿತು ನೋಡಿ ಅಳು! ಯಾರು ಎತ್ತಿಕೊಂಡರೂ ನಿಲ್ಲದು. ಮಾರಿಯಾ ಒಂದು ಕ್ಷಣ ಯೋಚಿಸಿ, ಕೋಟನ್ನು ಮತ್ತೆ ಹಾಕಿಕೊಳ್ಳುವಂತೆ ತಾಯಿಗೆ ಹೇಳಿದರು. ಹಾಕಿಕೊಂಡದ್ದೇ ತಡ, ಮಗು ನಗತೊಡಗಿತು. ಕೋಟು ಇರಬೇಕಾದ್ದು ಮೈ ಮೇಲೆ, ತೋಳ ಮೇಲಲ್ಲ. ಜಾಗ ತಪ್ಪಿದ್ದೇ ಆ ಪುಟ್ಟ ತಲೆಗೆ ದೊಡ್ಡ ಗೊಂದಲ.

ಇನ್ನೊಂದು ಮನೆಯಲ್ಲಿ ಆರು ತಿಂಗಳ ಹಸುಳೆ. ಬಂದ ಅತಿಥಿ ತನ್ನ ಛತ್ರಿಯನ್ನು ಮೇಜಿನ ಮೇಲಿಟ್ಟಳು. ಮಗು ಅದನ್ನೇ ನೋಡಿ ಅಳತೊಡಗಿತು. ಬೇಕೇನೋ ಎಂದು ಕೈಗೆ ಕೊಟ್ಟರೆ ದೂಡಿತು. ಕೊನೆಗೆ ಛತ್ರಿಯನ್ನು ಕೋಣೆಯಿಂದ ಆಚೆ ಒಯ್ದಾಗಲೇ ಸುಮ್ಮನಾದದ್ದು.

ಒಂದರಿಂದ ಮೂರು ವರ್ಷದ ಆಸುಪಾಸಿನಲ್ಲಿ ಮಗುವಿಗೆ ಎಲ್ಲವೂ ಅದರದರ ಜಾಗದಲ್ಲೇ ಇರಬೇಕು, ದಿನಚರಿ ದಿನಾ ಒಂದೇ ಥರ ಇರಬೇಕು ಎಂಬ ತೀವ್ರ ಅಗತ್ಯ ಇರುತ್ತದೆ ಎಂದು ಮಾರಿಯಾ ಕಂಡುಕೊಂಡರು. ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವರಿಗೆ ಗೋಡೆಯೇ ಇಲ್ಲವಾದರೆ ಹೇಗಾಗಬೇಡ? ದೋಸೆ ಮುರಿದು ಕೊಟ್ಟಿದ್ದಕ್ಕೆ, ಅಪ್ಪನ ಚಪ್ಪಲಿ ಮಾಮ ಹಾಕಿಕೊಂಡಿದ್ದಕ್ಕೆ ಮಗು ಬೊಬ್ಬೆ ಹೊಡೆಯುವುದರ ಹಿಂದಿರುವುದು ಇದೇ.

ಮೆದುಳಿನೊಳಗೆ ಏನಾಗ್ತಿರುತ್ತೆ?

ಮಾರಿಯಾ ಕಾಲದಲ್ಲಿ ಈಗಿನಂಥ ಸ್ಕ್ಯಾನಿಂಗ್ ಇರಲಿಲ್ಲ. ಮಕ್ಕಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇ ಅವರ ವಿಜ್ಞಾನ. ಅವರು ಹೇಳಿದ್ದೆಲ್ಲವೂ ಸರಿ ಎಂದೇನಲ್ಲ. ಆದರೆ ಮೊದಲ ಆರು ವರ್ಷ ಬಹಳ ಮುಖ್ಯ ಎಂಬ ಅವರ ಮಾತನ್ನು ಈಗಿನ ಮೆದುಳಿನ ವಿಜ್ಞಾನವೂ ಒಪ್ಪುತ್ತದೆ. ಹುಟ್ಟುವಾಗ ಮಗುವಿನ ಮೆದುಳು ದೊಡ್ಡವರ ಮೆದುಳಿನ ಸುಮಾರು ಕಾಲು ಭಾಗ. ಐದಾರು ವರ್ಷ ತುಂಬುವಷ್ಟರಲ್ಲಿ ಗಾತ್ರದಲ್ಲಿ ಶೇ 90ರಷ್ಟು ಬೆಳೆದುಬಿಡುತ್ತದೆ.

ಆದರೆ ಎಲ್ಲ ಭಾಗವೂ ಒಟ್ಟಿಗೇ ಪಕ್ವವಾಗುವುದಿಲ್ಲ. ಹೆದರಿಕೆ, ಸಿಟ್ಟು ಬಂದಾಗ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಒಳಭಾಗ ಹುಟ್ಟಿನಿಂದಲೇ ಕೆಲಸ ಶುರು ಮಾಡಿರುತ್ತದೆ. ತಡಿ, ಯೋಚಿಸು ಅಂತ ಲಗಾಮು ಎಳೆಯುವ ಭಾಗ ಹಣೆಯ ಹಿಂದಿದೆ. ಪ್ರೀಫ್ರಂಟಲ್ ಕಾರ್ಟೆಕ್ಸ್ ಅಂತ ಅದರ ಹೆಸರು. ಅದು ಪೂರ್ತಿ ಮಾಗುವುದು ಇಪ್ಪತ್ತೈದನೇ ವಯಸ್ಸಿನ ಹೊತ್ತಿಗೆ! ಅಂದರೆ ಎರಡು ವರ್ಷದ ಮಗು ಕುದುರೆ ಇದ್ದು ಲಗಾಮು ಇಲ್ಲದ ಜಟಕಾ ಇದ್ದಂತೆ. ಮೇಲಾಗಿ ಏನಾಗುತ್ತಿದೆ ಎಂದು ಹೇಳಿಕೊಳ್ಳಲು ಮಾತೂ ಸಾಲದು. ಹಸಿವು, ನಿದ್ದೆ, ನಮ್ಮ ಬಳ್ಳಾರಿಯ ಬಿಸಿಲು ಇವೂ ಸೇರಿಕೊಂಡರೆ ಕೇಳಬೇಕೆ? ಅದಕ್ಕೇ ಒಂದೂವರೆಯಿಂದ ನಾಲ್ಕು ವರ್ಷದವರೆಗೆ ಈ ರಂಪ ಸಹಜ. ಮಗು ನಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತಿಲ್ಲ, ಅದಕ್ಕೇ ತನ್ನನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಹೊಡೆದಾಗ ಅಳು ನಿಲ್ಲಬಹುದು. ಆದರೆ ಅದು ಹೆದರಿಕೆಯಿಂದ ನಿಂತದ್ದು. ಲಗಾಮು ಹಿಡಿಯುವುದನ್ನು ಮಗು ಅದರಿಂದ ಕಲಿಯುವುದಿಲ್ಲ. ನಾವು ಶಾಂತವಾಗಿ ಪಕ್ಕದಲ್ಲಿದ್ದಷ್ಟು ಸಲ ಅದು ಸ್ವಲ್ಪ ಸ್ವಲ್ಪವೇ ಕಲಿಯುತ್ತದೆ.

ನಮ್ಮ ಮದ್ರಾಸಿಗೆ ಬಂದಿದ್ದರು

ಮಾಂಟೆಸ್ಸರಿ ಹೆಸರು ಜಗತ್ತಿಗೆಲ್ಲ ಹರಡಿತು. ಆದರೆ ಮುಸೊಲಿನಿಯ ಸರ್ಕಾರದ ಜೊತೆ ಜಟಾಪಟಿಯಾಗಿ 1934ರ ಹೊತ್ತಿಗೆ ಇಟಲಿಯನ್ನೇ ತೊರೆಯಬೇಕಾಯಿತು. ಸ್ಪೇನ್‌ಗೆ ಹೋದರೆ 1936ರಲ್ಲಿ ಅಲ್ಲೂ ಅಂತರ್ಯುದ್ಧ. ಕೊನೆಗೆ ಹಾಲೆಂಡ್ ಸೇರಿದರು.

ಥಿಯೊಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ಅವರ ಪತ್ನಿ, ನೃತ್ಯಗಾತಿ ರುಕ್ಮಿಣಿ ದೇವಿ ಅವರ ಕರೆಯ ಮೇರೆಗೆ 1939ರ ನವೆಂಬರ್‌ನಲ್ಲಿ ಮಾರಿಯಾ ಮದ್ರಾಸಿನ ಅಡ್ಯಾರ್‌ಗೆ ಬಂದಿಳಿದರು. ವಯಸ್ಸು 69. ಗೊತ್ತಲ್ಲ, ಆಗ ನಮ್ಮ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರುವ ತನಕ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರಿಗೆಲ್ಲ ಮದ್ರಾಸೇ ರಾಜಧಾನಿ. ಆ ರಾಜಧಾನಿಯ ತೆಂಗಿನ ಗರಿಯ ಚಪ್ಪರದಡಿ ದೇಶದ ಮೂಲೆ ಮೂಲೆಗಳಿಂದ ಬಂದ ಸುಮಾರು 300 ಜನರಿಗೆ ಮಾರಿಯಾ ಪಾಠ ಹೇಳಿದರು. ಅವರು ಇಟಾಲಿಯನ್‌ನಲ್ಲಿ ಹೇಳುವುದು, ಪಕ್ಕದಲ್ಲಿ ನಿಂತ ಮಾರಿಯೊ ಇಂಗ್ಲಿಷಿಗೆ ತಿರುಗಿಸುವುದು.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷರಿಗೆ ಇವರು ಶತ್ರು ದೇಶದವರಾದರು. ಮಾರಿಯೊನನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟರು. ತಾಯಿ ಅಡ್ಯಾರ್ ಬಿಟ್ಟು ಹೋಗುವಂತಿಲ್ಲ. ಕಷ್ಟಪಟ್ಟು ಮರಳಿ ಪಡೆದ ಮಗ ಇನ್ನೊಮ್ಮೆ ದೂರವಾದ. ಆಗಸ್ಟ್ 31, ಅವರ 70ನೇ ಹುಟ್ಟುಹಬ್ಬ. ಅವತ್ತು ವೈಸ್‌ರಾಯ್ ಕಡೆಯಿಂದ ಬಂದ ತಂತಿಯಲ್ಲಿ, ಹುಟ್ಟುಹಬ್ಬದ ಉಡುಗೊರೆಯಾಗಿ ಮಗನನ್ನು ಬಿಡುಗಡೆ ಮಾಡುತ್ತಿರುವ ಸುದ್ದಿ ಇತ್ತು. ಸಂಬಂಧಿಕರ ಹುಡುಗ ಎನಿಸಿಕೊಂಡಿದ್ದವನನ್ನು ಆ ಕಾಗದ ನೇರವಾಗಿ ಅವರ ಮಗ ಎಂದು ಕರೆದಿತ್ತು. 42 ವರ್ಷ ಕಾದ ಮೇಲೆ ಸಿಕ್ಕ ಸಂಬಂಧ, ಅದೂ ನಮ್ಮ ನೆಲದಲ್ಲಿ!

ಆಮೇಲೆ ಕೊಡೈಕೆನಾಲ್‌ನಲ್ಲಿ ತಾಯಿ ಮಗ ಕೂಡಿ ಕೆಲಸ ಮಾಡಿದರು. ಅಹಮದಾಬಾದ್, ಕರಾಚಿ, ಕಾಶ್ಮೀರದಲ್ಲೂ ತರಗತಿ ನಡೆಸಿದರು. ಸಾವಿರಕ್ಕೂ ಹೆಚ್ಚು ಶಿಕ್ಷಕರು ಅವರ ಕೈಯಲ್ಲಿ ತಯಾರಾದರು. ಇಲ್ಲಿನ ತಾಯಂದಿರ ಸೊಂಟದ ಮೇಲೇ ಎಲ್ಲ ಕಡೆ ಹೋಗುವ ಕೂಸುಗಳನ್ನು ನೋಡಿ, ಹುಟ್ಟಿದ ಗಳಿಗೆಯಿಂದ ಮಗು ಹೇಗೆ ಕಲಿಯುತ್ತದೆ ಎಂಬುದರತ್ತ ಅವರ ಗಮನ ಇನ್ನಷ್ಟು ಹರಿಯಿತು. 1952ರ ಮೇ 6ರಂದು, 81ನೇ ವಯಸ್ಸಿನಲ್ಲಿ ಹಾಲೆಂಡಿನಲ್ಲಿ ಕಣ್ಣು ಮುಚ್ಚಿದಾಗ ಮಾರಿಯೊ ಅವರ ಜೊತೆಗಿದ್ದರು. ತಾಯಿಯ ಕೆಲಸವನ್ನು ಮುಂದೆ ನಡೆಸಿದ್ದೂ ಅವರೇ.

ನಾವೇನು ಮಾಡಬಹುದು?

* ಮೊದಲು ನಿಮ್ಮ ಉಸಿರು ಹಿಡಿತಕ್ಕೆ ಬರಲಿ. ನೀವು ಕಿರುಚಿದರೆ ಮಗು ಇನ್ನೂ ಜೋರಾಗುತ್ತದೆ. ಸಾಮಾನ್ಯವಾಗಿ ರಂಪ ಕೆಲವೇ ನಿಮಿಷದ್ದು.

* ಪೆಟ್ಟಾಗುವಂಥ ವಸ್ತು ದೂರ ಸರಿಸಿ, ಅದರ ಎತ್ತರಕ್ಕೆ ಕುಳಿತುಕೊಳ್ಳಿ. ಬೇಡವೆಂದರೆ ಮುಟ್ಟಬೇಡಿ. ಹತ್ತಿರ ಮಾತ್ರ ಇರಿ.

* ಭಾವನೆಗೆ ಹೆಸರು ಕೊಡಿ. ಸಿಟ್ಟು ಬಂತಾ ಕಂದಾ, ಬಾಟಲಿ ಸಿಗಲಿಲ್ಲ ಅಂತ ಬೇಜಾರಾಯ್ತಾ ಅಂತ ಚಿಕ್ಕ ಮಾತಿನಲ್ಲಿ ಕೇಳಿ. ಉಪದೇಶ ಆಗ ತಲೆಗೆ ಹೋಗುವುದಿಲ್ಲ.

* ಹಸಿವೆಯೇ, ನಿದ್ದೆಯೇ, ಸೆಕೆಯೇ, ಏನಾದರೂ ಜಾಗ ಬದಲಾಗಿದೆಯೇ ನೋಡಿ.

* ಹಠ ಅರ್ಥ ಮಾಡಿಕೊಳ್ಳುವುದು ಎಂದರೆ ಕೇಳಿದ್ದೆಲ್ಲ ಕೊಡಿಸುವುದಲ್ಲ. ಬೇಡ ಅಂದಿದ್ದು ಬೇಡವೇ. ಹಾಗೇ ಬಾಯಿ ಮುಚ್ಚಿಸಲು ಮೊಬೈಲ್ ಕೊಟ್ಟರೆ, ಅತ್ತರೆ ಮೊಬೈಲ್ ಸಿಗುತ್ತೆ ಅಂತ ಮಗು ಕಲಿಯುತ್ತದೆ ಅಷ್ಟೇ.

* ಊಟ, ಸ್ನಾನ, ನಿದ್ದೆಗೆ ಹೊತ್ತು ಗೊತ್ತು ಇರಲಿ. ಹೊರಗೆ ಹೋಗುವ ಮೊದಲೇ ಎಲ್ಲಿಗೆ, ಎಷ್ಟು ಹೊತ್ತು ಅಂತ ಹೇಳಿ.

* ಅವರೆಕಾಯಿ ಬಿಡಿಸುವುದು, ಡಬ್ಬಿಯ ಮುಚ್ಚಳ ಜೋಡಿಸುವುದು, ಚಪಾತಿ ಹಿಟ್ಟು ಒತ್ತುವುದು, ಇಂಥ ಕೆಲಸ ಕೊಡಿ. ಕೈಗೆ ಕೆಲಸ ಸಿಕ್ಕರೆ ಮನಸ್ಸೂ ನಿಲ್ಲುತ್ತದೆ. ಕಾಳುಗಳನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲೇ ಇರಿ.

* ಅಳುತ್ತಾ ಉಸಿರುಗಟ್ಟಿ ಪ್ರಜ್ಞೆ ತಪ್ಪಿದರೆ, ತಲೆ ಚಚ್ಚಿಕೊಂಡು ಗಾಯ ಮಾಡಿಕೊಂಡರೆ, ದಿನಕ್ಕೆ ಹಲವು ಸಲ ಬಹಳ ಹೊತ್ತು ರಂಪ ನಡೆದರೆ, ಐದು ವರ್ಷ ದಾಟಿದರೂ ಕಡಿಮೆಯಾಗದಿದ್ದರೆ, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತಾಡದಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ. ಹಿರಿಯರು ತಾನೇ ಸರಿಹೋಗುತ್ತೆ ಅಂದರೂ ತಡಮಾಡಬೇಡಿ.

* ನಿಮಗೇ ಸಾಕಾಗಿ ಹೋಗಿದೆ, ಕೈ ತಡೆಯಲು ಆಗುತ್ತಿಲ್ಲ ಅನ್ನಿಸಿದರೆ ಮನೆಯವರಿಗೆ ಬಾಯಿ ಬಿಟ್ಟು ಹೇಳಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಇದರಲ್ಲಿ ನಾಚಿಕೆ ಏನಿಲ್ಲ.

ತಪ್ಪಿದ ಹೆಜ್ಜೆ ಸರಿ ಮಾಡಿಕೊಳ್ಳೋಣ

ಒಂದು ಸಲ ಹೊಡೆದೆವು, ಬೈದೆವು ಅಂತ ಎಲ್ಲ ಮುಗಿಯಿತು ಎಂದು ಕೊರಗಬೇಕಿಲ್ಲ. ಮಗನ ಮೊದಲ ಹದಿನೈದು ವರ್ಷ ಕಳೆದುಕೊಂಡ ಮಾರಿಯಾ ಆಮೇಲೆ ಉಳಿದ ಸುಮಾರು 40 ವರ್ಷ ಅವನ ಜೊತೆಗೇ ಬದುಕಿದರು. ನಮಗಂತೂ ಮಗು ಮಡಿಲಲ್ಲೇ ಇದೆ.

ಸಿರುಗುಪ್ಪದ ಆ ದಿನ ರಾತ್ರಿ ಮಗಳ ಕೆನ್ನೆ ಸವರಿ, ಅಮ್ಮ ಹೊಡೆದಿದ್ದು ತಪ್ಪು ಕಂದಾ ಅಂತ ಹೇಳಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಕುತ್ತಿಗೆಗೆ ಕೈ ಹಾಕಿ ಮಲಗಿದಳು. ಮುಂದೆ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋದಾಗ ಆ ಗದ್ದಲಕ್ಕೆ ಬೆದರಿ ಮತ್ತೆ ಜೋರಾಗಿ ಅತ್ತಳು. ಜನ ಈ ಸಲವೂ ತಿರುಗಿ ನೋಡಿದರು. ನಾನು ಜನರನ್ನು ನೋಡಲಿಲ್ಲ. ಜಂಗುಳಿಯಿಂದ ಆಚೆ ಬಂದು ಒಂದು ಕಟ್ಟೆಯ ಮೇಲೆ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡೆ. ಕೆಂಪು ಬಾಟಲಿ ಕೈಗಿಟ್ಟೆ. ಐದೇ ನಿಮಿಷ. ಬಿಕ್ಕಳಿಕೆ ನಿಂತಿತು. ಆಮೇಲೆ ಅವಳೇ ಕೈ ಎತ್ತಿ ದೂರದಲ್ಲಿ ಕಾಣುತ್ತಿದ್ದ ತೇರನ್ನು ನನಗೆ ತೋರಿಸಿದಳು.